ಎಡಕ್ಕೆ ಸರಿದ ಬಲಗೈ

ತನ್ನ ಬಲಗೈ ಯಾವುದೆಂದು ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿಲ್ಲವೆಂದು ರಘುರಾಮ ಉಡುಪರು ಅರುವತ್ತರ ಅಂಚಿನವರೆಗೂ ನಂಬಿದ್ದರು. ಕುಂದಾಪುರದ ಕಡೆಯ ವೈಷ್ಣವ ಮನೆತನದಲ್ಲಿ ಹುಟ್ಟಿ, ಮೀಸೆ ಮೂಡುವ ಮುನ್ನವೇ ಮದರಾಸಿಗೆ ಬಂದು, ನುಂಗಂಬಾಕ್ಕದ ಶಾಕಾಹಾರಿ ಹೋಟೆಲೊಂದರ ಅಡಿಗೆಮನೆಯನ್ನು ಹೊಕ್ಕವರು ಅವರು. ಊರಿನ ಹೆಸರು ಚೆನ್ನೈ ಎಂದಾಯಿತು, ಹೋಟೆಲಿನ ಮಾಲಿಕತ್ವ ತಂದೆಯಿಂದ ಮಗನಿಗೆ ಬಂತು; ಉಡುಪರು ಮಾತ್ರ ಕಾವಲಿಯ ಮುಂದಿನಿಂದ ಕದಲಲಿಲ್ಲ. ಹಿಟ್ಟನ್ನು ಸುರಿದು ಸೌಟಿನ ಬೆನ್ನಿನಿಂದ ಸುರುಳಿ ಬರೆಯುತ್ತಿದ್ದುದು ಅವರ ಬಲಗೈ. ಬೆಳಗಿನ ಸಂಧ್ಯೆಯಲ್ಲಿ ಅಂಗೈಯ ಕುಳಿಯೊಳಗೆ ಆಚಮನದ ನೀರನ್ನು ಹಿಡಿಯುತ್ತಿದ್ದುದೂ ಅದೇ. ಉಣ್ಣುವುದು, ಬಡಿಸುವುದು, ಕೊಡುವುದು, ಕೊಂಡದ್ದನ್ನು ಕಣ್ಣಿಗೊತ್ತಿಕೊಳ್ಳುವುದು, ಎಲ್ಲವೂ ಬಲಗೈಯ ಅಧಿಕಾರ. ಎಡಗೈಗೆ ಮರ್ಯಾದಸ್ಥರ ನಡುವೆ ಮುಂದೆ ಬರುವ ಹಕ್ಕಿರಲಿಲ್ಲ. ಈ ವಿಭಾಗವನ್ನು ಅವರು ಕಲಿತದ್ದು ಮಾತು ಕಲಿಯುವುದಕ್ಕಿಂತ ಮೊದಲು. ಮಲಗಿ ನಿದ್ರಿಸುವಾಗಲೂ ಅವರು ಅದನ್ನು ಮರೆತಿರಲಾರರು.

ಆ ಬಲಗೈಯೇ ಅವರಿಗೆ ಪರಕೀಯವಾಯಿತು.

ಹಿಟ್ಟಿನ ಪಾತ್ರೆಯನ್ನು ಎತ್ತಿಕೊಂಡು ಬರುವಾಗ ತೊಳೆದ ನೆಲದಲ್ಲಿ ಕಾಲು ಜಾರಿತು. ಪಾತ್ರೆಯನ್ನು ಉಳಿಸಲು ಹೋಗಿ ಅವರು ಕೈಯೂರಿದರು. ಮಣಿಕಟ್ಟಿನ ಮೂಳೆ ಮುರಿಯಿತು. ವೈದ್ಯರು ಮೂಳೆಯನ್ನು ಕೂಡಿಸಿ ಗಚ್ಚಿನ ಕಟ್ಟು ಹಾಕಿದರು, ಕಾಲಕ್ಕೆ ತಕ್ಕಂತೆ ಬಿಚ್ಚಿದರು. ಮೂಳೆಯೇನೋ ಸೊಗಸಾಗಿ ಕೂಡಿತ್ತು. ಆದರೆ ಕಟ್ಟಿನೊಳಗಿನಿಂದ ಹೊರಬಂದ ಕೈ ಬೇರೆಯದೇ ಆಗಿತ್ತು. ಚರ್ಮ ಬಾತು ಮಿರುಗುತ್ತಿತ್ತು. ಒಂದು ಗಳಿಗೆ ಹಿಮದಂತೆ ತಣ್ಣಗಾಗಿ ಮರುಗಳಿಗೆ ಕೆಂಡದಂತೆ ಉರಿಯುತ್ತಿತ್ತು. ಫ್ಯಾನಿನ ಗಾಳಿ ತಾಕಿದರೆ ಕಾದ ಎಣ್ಣೆ ಹನಿಸಿದಂತಾಗುತ್ತಿತ್ತು. ಅಂಗಿಯ ತೋಳು ಸೋಕಬಾರದು, ನೀರಂತೂ ಮುಟ್ಟಲೇಬಾರದು. ಕಣ್ಣು ಮುಚ್ಚಿದರೆ ಆ ಕೈ ಮೊರದಷ್ಟು ದೊಡ್ಡದಾಗಿ ತೋರುತ್ತಿತ್ತು; ಕಣ್ಣು ತೆರೆದರೆ ಹಳೆಯ ಅಳತೆಯದೇ. ವೈದ್ಯರು ಹೇಳಿದ್ದು ಇಷ್ಟು: ಮೂಳೆ ಕೂಡಿಕೊಂಡ ಸುದ್ದಿ ಮಿದುಳನ್ನು ಇನ್ನೂ ಮುಟ್ಟಿಲ್ಲ, ಅದು ಕಾವಲುಗಾರನಂತೆ ಕಳ್ಳ ಹೋದಮೇಲೂ ಕೂಗುತ್ತಲೇ ಇದೆ, ಔಷಧ ತೆಗೆದುಕೊಳ್ಳಿ, ಕೈಯನ್ನು ಆಡಿಸುತ್ತಿರಿ, ಆಡಿಸದಿದ್ದರೆ ಮರಗಟ್ಟೀತು. ಔಷಧವನ್ನು ಉಡುಪರು ತೆಗೆದುಕೊಂಡರು. ಆಡಿಸುವುದು ಮಾತ್ರ ಸಾಧ್ಯವಾಗಲಿಲ್ಲ.

ಮಾಲಿಕರು ಅವರನ್ನು ಬಿಡಲಿಲ್ಲ. ಬಾಗಿಲ ಬಳಿ ಕೂಪನ್ ಹರಿದುಕೊಡುವ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿ ಉಡುಪರ ಹೊಸ ಸಂಕಟ ಆರಂಭವಾಯಿತು. ಬಂದವರಿಗೆಲ್ಲ ಎಡಗೈಯಿಂದ ಕೂಪನ್ ಕೊಡಬೇಕು. ಕೊಡುವಾಗ ಪ್ರತಿಯೊಬ್ಬರಿಗೂ ತಮಿಳಿನಲ್ಲೋ ಕನ್ನಡದಲ್ಲೋ, ಎಡಗೈಯಿಂದ ಕೊಡುತ್ತಿದ್ದೇನೆ, ತಪ್ಪು ತಿಳಿಯಬೇಡಿ ಎಂದು ಹೇಳುವರು. ಆಫೀಸಿಗೆ ಓಡುವ ಆತುರದ ಜನ ಅದನ್ನು ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಸಂಧ್ಯಾವಂದನೆಯನ್ನು ಅವರು ಮನಸ್ಸಿನಲ್ಲೇ ಮಾಡತೊಡಗಿದರು. ನೀರು ಮುಟ್ಟದ ಕೈಗೆ ಆಚಮನವೆಲ್ಲಿ, ಅರ್ಘ್ಯವೆಲ್ಲಿ.

ಇಷ್ಟನ್ನೂ ಅವರು ಕರ್ಮಫಲವೆಂದು ಸಹಿಸುತ್ತಿದ್ದರೋ ಏನೋ. ಆದರೆ ಮಗಳು ಹರ್ಷಿಣಿಯ ಮದುವೆ ಗೊತ್ತಾಗಿತ್ತು. ವರ ಪ್ರವೀಣ್ ಬಂಧುಗಳ ಕಡೆಯವನೇ, ಒಳ್ಳೆಯ ಹುಡುಗ. ಮುಹೂರ್ತದಲ್ಲಿ ತಂದೆ ಬಲಗೈ ಚಾಚಬೇಕು, ಅದರ ಮೇಲೆ ಮಗಳ ಕೈ ಬರಬೇಕು, ಮೇಲಿನಿಂದ ತಾಯಿ ನೀರೆರೆಯಬೇಕು, ಆ ಧಾರೆ ವರನ ಕೈಗೆ ಇಳಿಯಬೇಕು. ಗಾಳಿಯನ್ನೇ ತಾಳದ ಕೈ ಮಗಳ ಕೈಯ ಭಾರವನ್ನೂ ತಣ್ಣೀರಿನ ಧಾರೆಯನ್ನೂ ಹೇಗೆ ತಾಳೀತು? ಎಲ್ಲರ ಮುಂದೆ ಕೈಯನ್ನು ಹಿಂದಕ್ಕೆಳೆದುಕೊಂಡರೆ ಅದಕ್ಕಿಂತ ಅಶುಭ ಇನ್ನೊಂದಿದೆಯೆ? ಗಿಂಡಿ ಬಡಾವಣೆಯಲ್ಲಿ ಮೆಸ್ ನಡೆಸುವ ತಮ್ಮ ಮೋಹನ್ ತಾನು ಧಾರೆಯೆರೆಯುವೆನೆಂದು ಮುಂದೆ ಬಂದನು. ಶಾಸ್ತ್ರ ಅದನ್ನು ಒಪ್ಪುತ್ತದೆ. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಹರ್ಷಿಣಿಯೂ ಒಪ್ಪಿದಳು.

“ಚಿತ್ತಪ್ಪ ಮಾಡ್ಲಿ ಪಾ. ನೀವು ಪಕ್ಕದಲ್ಲಿ ನಿಂತ್ರೆ ಪೋದುಂ, ನಂಗೆ ಅಷ್ಟೇ ಸಾಕು” ಎಂದಳು.

ಉಡುಪರು ತಲೆಯಾಡಿಸಿದರು. ಹೆಂಡತಿ ಮಾಧವಿಯಮ್ಮ ಮಾತ್ರ, ಆ ತಲೆಯಾಟ ಒಪ್ಪಿಗೆಯದಲ್ಲವೆಂದು ಬಲ್ಲವರಾಗಿ, ಎದ್ದು ಒಳಗೆ ಹೋದರು.

ಪುರೋಹಿತರಿಗೆ ಈ ಮಾರ್ಪಾಟನ್ನು ತಿಳಿಸಬೇಕಾಗಿತ್ತು. ಗುರುಚರಣಾಚಾರ್ಯರು ತಲೆಮಾರುಗಳಿಂದ ಮದರಾಸಿನಲ್ಲಿ ನೆಲೆಸಿದ ಮಾಧ್ವ ಮನೆತನದವರು, ಎಂಬತ್ತು ದಾಟಿದವರು. ಟಿ. ನಗರದ ಜವಳಿ ಅಂಗಡಿಗಳ ಬೆನ್ನಿಗೆ, ಸಂದಣಿಯ ಸದ್ದು ಅಲೆಯಲೆಯಾಗಿ ಬಂದು ತಾಕುವ ಓಣಿಯಲ್ಲಿ ಅವರ ಮನೆ. ಉಡುಪರು ಹೋದಾಗ ಆಚಾರ್ಯರು ಹಜಾರದಲ್ಲಿ ಕುಳಿತಿದ್ದರು. ಹಿರಿಯರ ಮುಂದೆ ಪ್ರವರ ಹೇಳಿ ಅಭಿವಾದನ ಮಾಡುವುದು ಉಡುಪರ ಪದ್ಧತಿ. ಕೈ ಕೆಟ್ಟಂದಿನಿಂದ ಅದನ್ನು ಬಿಟ್ಟು ಬಾಗಿ ನಮಸ್ಕರಿಸಿ ಮುಗಿಸುತ್ತಿದ್ದರು. ಅಂದು, ತಂದೆಯ ಕರ್ತವ್ಯವನ್ನೇ ಬಿಟ್ಟುಕೊಡಲು ಬಂದವನು ಇದನ್ನಾದರೂ ಬಿಡಬಾರದೆಂದು ಅವರ ಮನಸ್ಸು ಹಟ ಹಿಡಿಯಿತು. ಹಲ್ಲು ಕಚ್ಚಿ ಕುಳಿತರು. ಕಿವಿ ಮುಟ್ಟಿದರು, ಉರಿ ಭುಗಿಲೆಂದಿತು. ಋಷಿ, ಗೋತ್ರ, ಸೂತ್ರಗಳನ್ನು ಹೇಳುತ್ತ ಕೈ ಚಾಚಿದರು. ಎದುರಿಗೆ ಕುಳಿತವರ ಬಲಪಾದವು ನಮಗೆ ಎಡಗಡೆಯಲ್ಲಿರುತ್ತದೆ; ಬಲಪಾದವನ್ನು ಬಲಗೈಯಿಂದಲೂ ಎಡಪಾದವನ್ನು ಎಡಗೈಯಿಂದಲೂ ಮುಟ್ಟಬೇಕೆಂದಾಗ ಎರಡು ತೋಳುಗಳೂ ಒಂದರ ಮೇಲೊಂದು ಅಡ್ಡವಾಗಿ ದಾಟಲೇಬೇಕು. ಬಲ್ಲವರು ಇದನ್ನು ವ್ಯತ್ಯಸ್ತಪಾಣಿಯೆನ್ನುತ್ತಾರೆ. ಉಡುಪರ ತೋಳುಗಳು ಹಾಗೆಯೇ ದಾಟಿದವು, ಬೆರಳು ಪಾದವನ್ನು ಮುಟ್ಟಿತು.

ಬರಬೇಕಾಗಿದ್ದ ಉರಿ ಬರಲಿಲ್ಲ.

ಇಲ್ಲವೇ ಇಲ್ಲವೆಂದಲ್ಲ, ಬಾಗಿಲಾಚೆ ಕೂಗುವವನ ದನಿಯಂತೆ ಎಲ್ಲೋ ದೂರದಲ್ಲಿತ್ತು. ಬೆರಳ ತುದಿಗೆ ಮುದಿಪಾದದ ಒರಟುತನ ತಿಳಿಯಿತು. ಎಷ್ಟು ಕಾಲದಿಂದಲೋ ಆ ಕೈಗೆ ಉರಿಯಲ್ಲದೆ ಬೇರೇನೂ ತಿಳಿದಿರಲಿಲ್ಲ. ಉಡುಪರು ಬಾಗಿದಲ್ಲೇ ಉಳಿದರು. ಆಶೀರ್ವಚನ ಮುಗಿಸಿದ ಆಚಾರ್ಯರು, ಏಳಲಾರದೆ ಹೋದರೇನೋ ಎಂದು ಗಾಬರಿಯಾಗಿ ಭುಜ ಹಿಡಿದರು. ಎದ್ದ ಉಡುಪರ ಕಣ್ಣಲ್ಲಿ ನೀರಿತ್ತು. ಬಂದ ಕಾರಣವನ್ನು ಹೇಳದೆಯೇ ಅವರು ಮನೆಗೆ ಮರಳಿದರು.

ಆಮೇಲೆ ಅವರು ಮಾಡಿದ ತಪ್ಪು, ಭಕ್ತನೊಬ್ಬನು ಮಾತ್ರ ಮಾಡಬಲ್ಲ ತಪ್ಪು. ಗುಣವಿರುವುದು ಆಚಾರ್ಯರ ಪಾದದಲ್ಲಿ ಎಂದು ಅವರು ನಿಶ್ಚಯಿಸಿದರು. ಬೆಳಗಾದೊಡನೆ ಬಸ್ಸು ಹತ್ತಿ ಟಿ. ನಗರಕ್ಕೆ ಹೋಗುವರು, ಅಭಿವಾದನ ಮಾಡುವರು, ಕೈ ತಣಿಯುವಷ್ಟು ಹೊತ್ತು ಪಾದ ಹಿಡಿದಿದ್ದು ಹೋಟೆಲಿಗೆ ಮರಳುವರು. ಪಾದ ತೊಳೆದ ನೀರನ್ನು ಕೈಗೆ ಹಚ್ಚಿಕೊಳ್ಳಲು ಕೇಳಿದಾಗ ಆಚಾರ್ಯರ ಸಹನೆ ಮುಗಿಯಿತು.

“ಏನಯ್ಯಾ ಉಡುಪಾ, ನನ್ನ ಕಾಲಲ್ಲಿ ಮಹಿಮೆ ಗಿಹಿಮೆ ಏನೂ ಇಲ್ಲ. ಇರೋದು ಒಂದು ಆಣಿ. ಅದಕ್ಕೇ ಔಷಧ ಹುಡುಕ್ತಾ ಇದ್ದೀನಿ ನಾನು.”

ಈ ಮಾತು ಆಚಾರ್ಯರ ಮೊಮ್ಮಗಳು ಸಂಹಿತಾಳ ಕಿವಿಗೆ ಬಿತ್ತು. ಅವಳು ಫಿಸಿಯೋಥೆರಪಿ ಓದಿ ಸ್ವಂತ ಕ್ಲಿನಿಕ್ ನಡೆಸುವವಳು. ಹೊರಡಲು ಚೀಲ ತಗುಲಿಸಿಕೊಂಡು ನಿಂತಿದ್ದಳು. ಚೀಲವನ್ನು ಕೆಳಗಿಟ್ಟು ಉಡುಪರ ಕೈಯನ್ನು ಮುಟ್ಟದೆಯೇ ಸುತ್ತಿ ಸುತ್ತಿ ನೋಡಿದಳು. ಇನ್ನೊಮ್ಮೆ ತಾತನ ಪಾದ ಮುಟ್ಟಿ, ಆದರೆ ತೋಳು ದಾಟಿಸದೆ, ಕೈ ನೇರವಾಗಿ ಚಾಚಿ ಎಂದಳು. ಉಡುಪರು ಚಾಚಿದರು. ಉರಿ ಮೊಣಕೈವರೆಗೂ ಹರಿಯಿತು, ಕೈಯನ್ನು ಸೆಳೆದುಕೊಂಡರು. ಪಾದ ಅದೇ ಆಗಿತ್ತು.

ಸಂಹಿತಾ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲನ್ನು ತಂದು ಅವರ ಮುಂದಿಟ್ಟಳು.

“ಮಾಮಾ, ಈಗ ಇದರ ಕಾಲು ಮುಟ್ಟಿ. ಕೈ ಅಡ್ಡ ಹಾಕಿ.”

ಉಡುಪರು ಆಚಾರ್ಯರ ಮುಖ ನೋಡಿದರು. “ಸ್ಟೂಲಿಗೆ ನಮಸ್ಕಾರ ಮಾಡೂದಾ?”

“ಪ್ರವರ ಹೇಳ್ಬೇಡಿ ಅಷ್ಟೇ. ಸುಮ್ನೆ ಮುಟ್ಟಿ.”

ಮುಟ್ಟಿದರು. ಬಲಗೈ ಎಡಕ್ಕೆ ಸರಿದು ಸ್ಟೂಲಿನ ಕಾಲನ್ನು ಹಿಡಿದಾಗ ಉರಿ ಮತ್ತೆ ಬಾಗಿಲಾಚೆಗೆ ಹೋಯಿತು. ಉಡುಪರ ಮುಖ ಬಾಡಿತು. ನೋವು ಇಳಿದ ಸಂತೋಷಕ್ಕಿಂತ, ತಾನು ಪ್ರಸಾದವೆಂದುಕೊಂಡದ್ದು ಅಂಗಡಿಯ ಸ್ಟೂಲಿನಲ್ಲೂ ಸಿಕ್ಕಿತಲ್ಲ ಎಂಬ ಸಂಕೋಚ ಹೆಚ್ಚಾಗಿತ್ತು. ಅದನ್ನು ಕಂಡು ಸಂಹಿತಾ ಇನ್ನೊಂದು ಪರೀಕ್ಷೆ ಮಾಡಿದಳು. ಎರಡು ಪೆನ್ಸಿಲು ತಂದಳು. ಕೈಗಳನ್ನು ತೊಡೆಯ ಮೇಲೆ ಬಿಡಿಯಾಗಿಟ್ಟು ಕಣ್ಣು ಮುಚ್ಚಿಸಿದಳು. ನೋವಿಗೆ ನಿಲುಕದಂತೆ ಮಣಿಕಟ್ಟುಗಳಿಗಿಂತ ಮೇಲೆ, ಒಂದರ ಬೆನ್ನಿಗೆ ಇನ್ನೊಂದು ಬರುವಂತೆ, ಚಿಟುಕು ಹೊತ್ತಿನ ಅಂತರದಲ್ಲಿ ಎರಡನ್ನೂ ತಾಕಿಸಿ, ಮೊದಲು ತಾಕಿದ್ದು ಯಾವ ಕೈಗೆ ಎಂದು ಕೇಳಿದಳು. ಉಡುಪರು ತಡವರಿಸದೆ ಸರಿಯಾಗಿ ಹೇಳಿದರು. ಬಳಿಕ ತೋಳುಗಳನ್ನು ಅಡ್ಡವಾಗಿ ದಾಟಿಸಿ, ಮುಂಗೈಗಳು ಆಚೀಚೆಯಾದ ಮೇಲೆ, ಮಣಿಕಟ್ಟಿಗಿಂತ ಮೇಲೆ ಹಾಗೆಯೇ ತಾಕಿಸಿದಳು.

“ಬಲ” ಎಂದರು ಉಡುಪರು, ಸಂಶಯವೇ ಇಲ್ಲದ ದನಿಯಲ್ಲಿ.

ಆಚಾರ್ಯರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಮೊದಲು ತಾಕಿದ್ದು ಎಡಗೈಗೆ.

ಮತ್ತೆ ತಾಕಿಸಿದಳು, ಮತ್ತೆ ತಪ್ಪು. ಒಮ್ಮೆ ಸರಿ, ಮತ್ತೆರಡು ಸಲ ತಪ್ಪು. ಕಣ್ಣು ತೆರೆದು ತಾವು ತಪ್ಪಿದ್ದನ್ನು ಕೇಳಿದಾಗ ಉಡುಪರು ನಂಬಲಿಲ್ಲ, ಹುಡುಗಿ ಆಟವಾಡಿಸುತ್ತಿದ್ದಾಳೆಂದುಕೊಂಡರು. ಆಗ ಆಚಾರ್ಯರು ಉತ್ತರೀಯವನ್ನು ಸರಿಸಿ ತಮ್ಮ ತೋಳುಗಳನ್ನೇ ಅಡ್ಡ ಹಾಕಿ ಮೊಮ್ಮಗಳ ಮುಂದೆ ಚಾಚಿದರು. ಅವರ ಕೈಗೆ ಯಾವ ರೋಗವೂ ಇರಲಿಲ್ಲ. ಊರಿಗೆಲ್ಲ ಸವ್ಯಾಪಸವ್ಯ ಹೇಳಿಕೊಟ್ಟು, ಜನಿವಾರ ಯಾವ ಹೆಗಲಿಗೆ ಬರಬೇಕೆಂದು ಮೂರು ತಲೆಮಾರನ್ನು ತಿದ್ದಿದ ಆ ವೃದ್ಧರು, ಕಣ್ಣು ಮುಚ್ಚಿ, ಎಡವನ್ನು ಬಲವೆಂದರು, ಬಲವನ್ನು ಎಡವೆಂದರು.

ಆಚಾರ್ಯರು ತೋಳು ಬಿಡಿಸಿಕೊಂಡು ಉತ್ತರೀಯವನ್ನು ಹೆಗಲಿಗೆಳೆದರು.

ಸಂಹಿತಾ ನೆಲದ ಮೇಲೆ ಕುಳಿತು ತಿಳಿಸಿ ಹೇಳಿದಳು. “ಮಿದುಳು ಎರಡು ವಿಷಯ ನೋಡತ್ತೆ ಮಾಮಾ. ಇದು ಯಾವ ಕೈ ಅನ್ನೋದು ಒಂದು, ಅದು ಎಲ್ಲಿದೆ ಅನ್ನೋದು ಇನ್ನೊಂದು. ಬಲಗೈ ಯಾವಾಗ್ಲೂ ಬಲಗಡೇನೇ ಇರೋದ್ರಿಂದ ಎರಡೂ ಒಂದೇ ಅಂದ್ಕೊಂಡು ಆರಾಮಾಗಿ ಇದೆ. ನೀವು ಕೈ ದಾಟಿಸಿದ ಕೂಡ್ಲೆ ಅದಕ್ಕೆ ಕುಳಪ್ಪಂ, ಪೂರಾ ಗಲಿಬಿಲಿ. ಆ ಗಲಿಬಿಲಿಯಲ್ಲಿ ನೋವಿನ ಪಟ್ಟು ಸ್ವಲ್ಪ ಸಡಿಲ ಆಗತ್ತೆ.”

ಇದು ಎಲ್ಲರಿಗೂ ಒಂದೇ ಸಮನೆ ಫಲಿಸುವುದಿಲ್ಲವೆಂದೂ, ರೋಗ ಇದರಿಂದ ಹೋಗುವುದಿಲ್ಲವೆಂದೂ, ಕೈ ತನ್ನ ಜಾಗಕ್ಕೆ ಮರಳಿದರೆ ಉರಿಯೂ ಮರಳುವುದೆಂದೂ ಅವಳು ಮುಚ್ಚಿಡದೆ ಹೇಳಿದಳು. ಆದರೆ ಉರಿ ಹಿಂದೆ ಸರಿದ ಆ ಅವಕಾಶದಲ್ಲಿ ಕೈಯನ್ನು ಆಡಿಸಬಹುದು. ಆಡಿಸಿದರೆ, ಇಲ್ಲಿ ಅಪಾಯವಿಲ್ಲವೆಂಬುದನ್ನು ಮಿದುಳು ಮೆಲ್ಲಗೆ ಕಲಿತೀತು.

ಉಡುಪರು ಕೇಳಿದ್ದು ಬೇರೆ. “ಹಂಗಾರೆ ಇಷ್ಟ್ ವರ್ಷ ನನ್ ಬಲಗೈ ಯಾವ್ದಂತ ನಂಗೆ ಗೊತ್ತಿಪ್ಪುದೇ ಸುಳ್ಳಾ?”

ಅದಕ್ಕೆ ಉತ್ತರಿಸಿದವರು ಆಚಾರ್ಯರು. ದೇಹವನ್ನು ನನ್ನದೆನ್ನುತ್ತೇವೆ, ಆದರೆ ಒಂದೊಂದು ಇಂದ್ರಿಯಕ್ಕೂ ಅಭಿಮಾನಿ ದೇವತೆಯೊಬ್ಬನಿದ್ದಾನೆಂದೂ, ಅವನು ನಡೆಸಿದಂತೆ ಅದು ನಡೆಯುವುದೆಂದೂ ದಿನವೂ ಪಾಠ ಹೇಳುತ್ತೇವೆ. ಹೇಳುತ್ತೇವೆಯೇ ಹೊರತು ನಂಬಿದ್ದೆವೆ? ನನ್ನ ಕೈ ನನಗೆ ಗೊತ್ತಿದೆ ಎಂಬ ಗರ್ವ ಎಷ್ಟು ಆಳದಲ್ಲಿ ಕುಳಿತಿತ್ತೆಂದು ಎರಡು ಪೆನ್ಸಿಲು ತೋರಿಸಿಕೊಟ್ಟವು. ಇದರಲ್ಲಿ ಸುಳ್ಳೇನೂ ಇಲ್ಲ. ನೀನು ಒಡೆಯನೆಂದುಕೊಂಡ ಮನೆಯಲ್ಲಿ ನೀನು ಅತಿಥಿ, ಅಷ್ಟೆ. ಆಚಾರ್ಯರ ಈ ಮಾತಿನ ದನಿಯಲ್ಲಿ ಉಪದೇಶವಿರಲಿಲ್ಲ. ತಮ್ಮ ಎರಡು ಅಂಗೈಗಳನ್ನೂ ಮೊದಲ ಸಲ ಕಂಡವರಂತೆ ತಿರುಗಿಸಿ ನೋಡುತ್ತ ಅವರು ತಮಗೇ ಹೇಳಿಕೊಂಡಂತಿತ್ತು.

ಅಂದಿನಿಂದ ಅಭ್ಯಾಸ ಮೊದಲಾಯಿತು. ಮನೆಯಲ್ಲಿ ಉಡುಪರು ತೋಳುಗಳನ್ನು ದಾಟಿಸಿ ಕುಳಿತುಕೊಳ್ಳುವರು. ಮಾಧವಿಯಮ್ಮ ಮೊದಲು ಬೀಸಣಿಗೆಯ ಗಾಳಿ ಹಾಕುವರು, ಆಮೇಲೆ ಹತ್ತಿ ಸೋಕಿಸುವರು, ಆಮೇಲೆ ಪೂಜೆಯ ಪುಟ್ಟ ಚಮಚವಾದ ಉದ್ಧರಣೆಯಿಂದ ಹನಿ ಹನಿಯಾಗಿ ನೀರು. ಒಂದೊಂದು ದಿನ ಹನಿಯೂ ತಾಳುತ್ತಿರಲಿಲ್ಲ. ಇನ್ನೊಂದು ದಿನ ಉದ್ಧರಣೆ ಪೂರ್ತಿ ಬರಿದಾದರೂ ಉಡುಪರು ಬೆರಳು ಮಡಿಸಿ ಬಿಡಿಸುತ್ತಿದ್ದರು. ಬಲವನ್ನು ಎಡವೆಂದು ಹೇಳಿ ದಂಪತಿಗಳು ಒಬ್ಬರನ್ನೊಬ್ಬರು ಹಾಸ್ಯ ಮಾಡುವ ದಿನಗಳೂ ಬಂದವು. ಬಾಳಿನಲ್ಲಿ ಒಮ್ಮೆಯೂ ಗಂಡನ ಕೈಗೆ ನೀರು ಹಾಕಲು ಹಿಂಜರಿಯದಿದ್ದ ಆಕೆ, ಆಗ ಹನಿಯೊಂದನ್ನು ಬಿಡುವಾಗಲೂ ಉಸಿರು ಹಿಡಿಯುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಉಡುಪರು ಬಗ್ಗಲಿಲ್ಲ. ಧಾರೆಯ ಹೊತ್ತಿಗೂ ಕೈ ಅಡ್ಡವಾಗಿಯೇ ಇರಲಿ ಎಂದು ಸಂಹಿತಾ ಹೇಳಿದಾಗ ಅವರು ಖಂಡಿತ ಆಗದೆಂದರು. ಕೊಡುವ ಕೈ ನೇರವಾಗಿರಬೇಕು. ಔಷಧಕ್ಕೆಂದು ಮಾಡಿದ ಉಪಾಯವನ್ನು ಮಂಟಪದ ಅಗ್ನಿಯ ಮುಂದೆ ತರಬಾರದು. ಅಷ್ಟರೊಳಗೆ ಕೈ ನೇರವಾಗಿಯೇ ತಾಳುವಂತಾದರೆ ತಾನು ಕೊಡುವುದು, ಇಲ್ಲವಾದರೆ ಮೋಹನ್. ಆ ಮಾತನ್ನು ಅವರು ತಮ್ಮನಿಗೂ ಹೇಳಿದರು. ದಾನ ಕೊಡುವವನು ಉಪವಾಸವಿರಬೇಕಾದ್ದರಿಂದ, ಕೊಡುವವರು ಯಾರೆಂದು ತಿಳಿಯದೆ, ಮದುವೆಯ ದಿನ ಅಣ್ಣತಮ್ಮಂದಿರಿಬ್ಬರೂ ನೀರು ಕೂಡ ಮುಟ್ಟದೆ ಕಲ್ಯಾಣಮಂಟಪಕ್ಕೆ ಬಂದರು.

ಮಂಟಪದಲ್ಲಿ ಎ.ಸಿ. ಹಾಕಿದ್ದರು. ಹೆಗಲಿನ ಶಲ್ಯವನ್ನು ಕೈಮೇಲೆ ಇಳಿಬಿಟ್ಟು ಉಡುಪರು ಗಾಳಿ ತಪ್ಪಿಸಿಕೊಂಡು ಕುಳಿತರು. ಸಂಕಲ್ಪವನ್ನು ಅವರೇ ಹೇಳಿದರು. ಅಂತರಪಟ ಸರಿಯಿತು. ಆಚಾರ್ಯರು ಕೈ ತೋರಿಸಿದಾಗ ಅವರು ಶಲ್ಯವನ್ನು ತೆಗೆದು ಬಲಗೈಯನ್ನು ನೇರವಾಗಿ ಚಾಚಿದರು. ಹರ್ಷಿಣಿ ತನ್ನ ಕೈಯನ್ನು ಗಾಳಿಗಿಂತ ಹಗುರವಾಗಿ ಅದರ ಮೇಲಿಳಿಸಿದಳು. ಅಷ್ಟಕ್ಕೇ ಉಡುಪರ ಕೈ ತಾನಾಗಿ ಹಿಂದಕ್ಕೆ ಹಾರಿತು. ಅವರು ಎಳೆದುಕೊಳ್ಳಲಿಲ್ಲ; ಕೈ ಅವರನ್ನು ಕೇಳಲೇ ಇಲ್ಲ.

ವಾಲಗ ನುಡಿಯುತ್ತಿತ್ತು, ಹೆಚ್ಚಿನವರು ಗಮನಿಸಲಿಲ್ಲ. ಮಾಧವಿಯಮ್ಮ ಬಾಗಿಸಹೊರಟ ತಂಬಿಗೆಯನ್ನು ನೆಟ್ಟಗೆ ಹಿಡಿದರು. ಮೋಹನ್ ಒಂದು ಹೆಜ್ಜೆ ಮುಂದಿಟ್ಟು ನಿಂತನು. ಉಡುಪರು ತಮ್ಮನ ಕಡೆ ತಿರುಗಿ, ಬಾ ಎನ್ನಲು ಬಾಯಿ ತೆರೆದಿದ್ದರು.

“ಉಡುಪಾ” ಎಂದರು ಆಚಾರ್ಯರು. “ಈಗ ನಿನ್ನ ಮುಂದೆ ಕೂತಿರೋ ಹುಡುಗ ಯಾರು?”

ಉಡುಪರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ವರನ ಹೆಸರು ಹೇಳಿದರು.

“ಅಲ್ಲ. ಸಂಕಲ್ಪದಲ್ಲಿ ಏನಂದೆ?”

“ಶ್ರೀಧರರೂಪಿ ವರ ಅಂದೆ.”

“ಸ್ವಾಮಿಯೇ ಎದುರಿಗೆ ಬಂದು ಕೂತಿದಾನೆ. ಅವನನ್ನ ಮುಟ್ಟುವಾಗ ಕೈ ಹೇಗಿರಬೇಕೋ ಹಾಗೇ ಇಡು. ನನ್ನ ಕಾಲಿಗೆ ಸಲ್ಲೋ ಕ್ರಮ ಅವನಿಗೆ ಸಲ್ಲೋದಿಲ್ಲವಾ?”

ವರನ ಕಡೆಯ ಹಿರಿಯರೊಬ್ಬರು ಇದಾವ ಪದ್ಧತಿಯೆಂದು ಕೇಳಿದರು. ವ್ಯತ್ಯಸ್ತಪಾಣಿಯ ಪದ್ಧತಿ, ನಿಮ್ಮ ಮನೆಯಲ್ಲಿ ಇಲ್ಲವೆ ಎಂದು ಆಚಾರ್ಯರು ಮರುಪ್ರಶ್ನೆ ಹಾಕಿದಾಗ, ಇಲ್ಲವೆನ್ನಲು ಹೆದರಿದ ಅವರು ತಲೆದೂಗಿ ಹಿಂದೆ ಸರಿದರು. ಆಚಾರ್ಯರು ಪ್ರವೀಣನನ್ನು ಒಂದಿಷ್ಟು ಸರಿಸಿ ಕೂರಿಸಿದರು.

ಉಡುಪರು ಎಡಗೈಯನ್ನು ಕೆಳಗೆ ಬಲಕ್ಕೆ ಸರಿಸಿ, ಅದರ ಮೇಲೆ ದಾಟಿಸಿ ಬಲಗೈಯನ್ನು ಎಡಕ್ಕೆ ಚಾಚಿದರು. ಕಣ್ಣು ಮುಚ್ಚಿದರು. ಹರ್ಷಿಣಿಯ ಕೈ ಮತ್ತೆ ಇಳಿಯಿತು. ಈ ಸಲ ಅದರ ಭಾರ ತಿಳಿಯಿತು, ಬಳೆಗಳ ತಂಪು ತಿಳಿಯಿತು. ಮಂತ್ರ ನಡೆದು ಆಚಾರ್ಯರು ಕಣ್ಸನ್ನೆ ಮಾಡಿದಾಗ ಮಾಧವಿಯಮ್ಮ ಉಸಿರು ಹಿಡಿದು ತಂಬಿಗೆಯನ್ನು ಬಾಗಿಸಿದರು. ನೀರು ಬಿದ್ದಿತು.

ಆ ಕ್ಷಣವನ್ನು ಉಡುಪರು ಆಮೇಲೆ ಹಲವರಿಗೆ ಬಣ್ಣಿಸಿದ್ದಾರೆ. ಪ್ರತಿ ಸಲವೂ ಅವರ ದನಿ ತಗ್ಗುತ್ತದೆ. ನೀರು ಬಿದ್ದದ್ದು ತಿಳಿಯಿತಂತೆ. ಯಾವ ಕೈಯ ಮೇಲೆ ಎಂಬುದು ತಿಳಿಯಲಿಲ್ಲವಂತೆ. ಎಡವೂ ಅಲ್ಲ, ಬಲವೂ ಅಲ್ಲ. ತಮ್ಮದೂ ಅಲ್ಲ, ಮಗಳದೂ ಅಲ್ಲ. ಎಲ್ಲಿಯೋ ಒಂದೆಡೆ ನೀರು ಹರಿಯುತ್ತಿದೆ, ಹರಿದು ಇನ್ನೊಬ್ಬರ ಕೈ ಸೇರುತ್ತಿದೆ; ತಾವು ಅದನ್ನು ದಡದಲ್ಲಿ ನಿಂತು ನೋಡುತ್ತಿದ್ದಾರೆ. ನ ಮಮ, ನನ್ನದಲ್ಲ, ಎಂಬ ಮಾತನ್ನು ಬಾಯಿ ಎಷ್ಟೋ ಸಾವಿರ ಸಲ ಹೇಳಿತ್ತು; ಕೈ ಅದನ್ನು ಹೇಳಿದ್ದು ಅದೊಂದೇ ಸಲ. ಗಲಿಬಿಲಿಗೊಂಡದ್ದು ಮಿದುಳೆಂದು ಸಂಹಿತಾ ಹೇಳುತ್ತಾಳೆ, ಅದು ನಿಜ. ಆದರೆ ಈ ಶರೀರವನ್ನು ಹೀಗೆ ನೆಯ್ದು, ಎರಡು ತೋಳು ದಾಟಿದರೆ ಸಾಕು ನಾನು ನನ್ನದೆಂಬ ಗಂಟು ಸಡಿಲವಾಗುವಂತೆ ಕಟ್ಟಿದವನು ಯಾರು? ಅದನ್ನು ನೆನೆದರೆ ಮಾತು ನಿಲ್ಲುತ್ತದೆ.

ಧಾರೆ ಮುಗಿದಾಗ ಹರ್ಷಿಣಿ ತಲೆ ಬಾಗಿಸಿದಲ್ಲಿಂದಲೇ ಕೇಳಿದಳು.

“ವಲಿಕ್ಕುದಾ ಪಾ? ತುಂಬಾ ನೋಯ್ತಾ?”

“ಇಲ್ಲೆ ಮಗಾ. ತಣ್ಣಗಿತ್ತ್.”

ತೋಳು ಬಿಡಿಸಿದೊಡನೆ ಉರಿ ಮರಳಿತು. ಸಂಹಿತಾ ಹೇಳಿದ್ದಂತೆಯೇ ಮರಳಿತು. ಅದರಲ್ಲಿ ಪವಾಡವೇನೂ ಇರಲಿಲ್ಲ. ಸಪ್ತಪದಿಯನ್ನು ಉಡುಪರು ಬಲಗೈಯನ್ನು ಎಡಭುಜದ ಮೇಲಿಟ್ಟುಕೊಂಡು ನೋಡಿದರು. ಫೋಟೋದಲ್ಲಿ ಅವರು ಚಳಿಗೆ ಮುದುಡಿದವರಂತೆ ಕಾಣುತ್ತಾರೆ.

ಅಗ್ನಿಕಾರ್ಯವೆಲ್ಲ ಮುಗಿಯುವ ವೇಳೆಗೆ ಹೊತ್ತು ಏರಿತ್ತು. ಮೋಹನ್ ಅಣ್ಣನ ಬೆನ್ನ ಹಿಂದೆ ಬಂದು ನಿಂತನು.

“ಹ್ವಾಯ್ ಅಣ್ಣಯ್ಯ, ಕನ್ಯಾದಾನದ ಪುಣ್ಯ ಪೂರ್ತಿ ನಿಂಗೇ ಬಂತಲೆ. ನಂಗೆ ಸಿಕ್ಕಿದ್ ಉಪವಾಸ ಒಂದೇ. ಇನ್ನಾದ್ರೂ ಉಂಬುಕೆ ಬಿಡ್ತ್ಯಾ?”

ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಗಚ್ಚು ಬಿಚ್ಚಿದಂದಿನಿಂದ ಉಡುಪರು ಉಣ್ಣುತ್ತಿದ್ದುದು ಎಡಗೈಯ ಚಮಚದಿಂದ, ಯಾರೂ ಕಾಣದಂತೆ ಗೋಡೆಯ ಕಡೆ ತಿರುಗಿ. ಬಡಿಸುವವನು ಚಮಚ ತರಲು ಹೊರಟಾಗ ಮಾಧವಿಯಮ್ಮ ತಡೆದರು. ಬಾಗಿ ಗಂಡನ ಬಾಳೆಲೆಯನ್ನು ಎಡಕ್ಕೆ, ಮೋಹನನ ಎಲೆಗೆ ತಾಕುವಷ್ಟು ಎಳೆದಿಟ್ಟರು. ಉಡುಪರು ಆ ಎಲೆಯನ್ನೂ ಹೆಂಡತಿಯ ಮುಖವನ್ನೂ ನೋಡಿದರು. ಎದೆಯನ್ನು ಅಡ್ಡ ದಾಟಿ ಬಲಗೈ ಅನ್ನವನ್ನು ಮುಟ್ಟಿತು. ಸಾರು ಬಿಸಿಯಾಗಿತ್ತು, ಬೆರಳು ಚುರುಗುಟ್ಟಿತು. ಆದರೆ ಅದು ಸಾರಿನದೇ ಬಿಸಿಯೆಂಬುದು ಅವರಿಗೆ ಸ್ಪಷ್ಟವಾಗಿ ತಿಳಿಯಿತು. ಅವರು ನಿಧಾನವಾಗಿ ಕಲಸಿ ತುತ್ತನ್ನು ಎತ್ತಿದರು.